ಕೈಬೊಗಸೆಯ ಸಿಳ್ಳು

ಮನುಷ್ಯನು ನುಡಿಸತಕ್ಕ ವಾದ್ಯಗಳಲ್ಲಿ ಕೆಲವು ಮರದಿಂದಲೂ ಕೆಲವು ಲೋಹದಿಂದಲೂ ಕೆಲವು ತೊಗಲಿನಿಂದಲೂ ಮಾಡಲ್ಪಟ್ಟಿರುವುವೆಂದು ನೀವು ಬಲ್ಲಿರಿ. ಇವಾವುವೂ ಅಲ್ಲದೆ, ಅಂಗಡಿಯಿಂದ ಕೊಂಡು ತರಬೇಕಾಗದೆ, ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾಗದೆ, ಸದಾ ನಮ್ಮ ಬಳಿಯಲ್ಲಿಯೇ ಇರುವ ವಾದ್ಯವೊಂದುಂಟು. ಎರಡು ಅಂಗೈಗಳನ್ನು ಟೊಳ್ಳಾಗಿ ಕೂಡಿಸಿ, ಹೆಬ್ಬೆರಳುಗಳ ನಡುವೆ ಉಳಿದ ಸಣ್ಣ ಸಂದಿಗೆ ಮೆಲ್ಲಗೆ ಊದಿದರೆ, ಪಾರಿವಾಳದ ಕೂಜನವನ್ನೂ ಗೂಬೆಯ ಕೂಗನ್ನೂ ಹೋಲುವ ದುಂಡಾದ, ಗಂಭೀರವಾದ ನಾದವು ಹೊರಡುತ್ತದೆ. ಇದನ್ನು ಕೈಬೊಗಸೆಯ ಸಿಳ್ಳೆಂದು ಕರೆಯೋಣ. ತುಟಿಗಳನ್ನು ಮುದುರಿ ಹಾಕುವ ಸಿಳ್ಳಿಗೂ, ಬಾಯಲ್ಲಿ ಬೆರಳಿಟ್ಟು ಹಾಕುವ ಕರ್ಕಶವಾದ ಸಿಳ್ಳಿಗೂ ಇದು ನೆಂಟನೇ ಆದರೂ ಗುಣದಲ್ಲಿ ಬೇರೆಯಾಗಿದೆ. ಅದನ್ನು ಕಲಿಯುವ ಕ್ರಮವನ್ನೂ ಅದು ಹುಟ್ಟುವ ಕಾರಣವನ್ನೂ ಈ ಪಾಠದಲ್ಲಿ ವಿವರಿಸಲು ಯತ್ನಿಸುವೆವು.

ಆದರೆ ಅದಕ್ಕೆ ಮೊದಲು ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕಾಗಿದೆ. ಒಂದನೆಯದು, ಹೆಣ್ಣುಮಕ್ಕಳು ಸಿಳ್ಳುಹಾಕಬಾರದೆಂಬುದು. ನಮ್ಮ ಮನೆಗಳಲ್ಲಿ ಹಿರಿಯರು ಹೀಗೆ ಹೇಳುವುದುಂಟು. ನಮ್ಮವರೇ ಹೀಗೆನ್ನುವರೆಂದು ತಿಳಿಯಬೇಡಿರಿ. ಇಂಗ್ಲಿಷರ ಹಳೆಯ ಗಾದೆಯೊಂದು ಸಹ ಸಿಳ್ಳುಹಾಕುವ ಹೆಂಗಸನ್ನೂ ಹುಂಜದಂತೆ ಕೂಗುವ ಹೇಂಟೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇಬ್ಬರನ್ನೂ ಹಳಿದಿದೆ. ಹೀಗಿದ್ದರೂ, ೧೯ನೆಯ ಶತಮಾನದ ಕಡೆಯ ಭಾಗದಲ್ಲಿ ಆಲಿಸ್ ಷಾ ಎಂಬ ಅಮೇರಿಕದ ಮಹಿಳೆಯು ಸಿಳ್ಳಿನಿಂದಲೇ ಸಂಗೀತ ಕಚೇರಿಗಳನ್ನು ಮಾಡಿ ತನ್ನ ದೇಶದಲ್ಲಿಯೂ ಯೂರೋಪಿನಲ್ಲಿಯೂ ಹೆಸರು ಗಳಿಸಿದಳು. ಆಗ್ನೆಸ್ ವುಡ್‌ವರ್ಡ್ ಎಂಬಾಕೆಯು ೧೯೦೯ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಸಿಳ್ಳನ್ನು ಕಲಿಸುವುದಕ್ಕಾಗಿಯೇ ಒಂದು ಶಾಲೆಯನ್ನು ತೆರೆದಳು. ಬೀದಿಯಲ್ಲಿ ಹೋಗುವವರನ್ನು ಹಾಸ್ಯ ಮಾಡಲಿಕ್ಕೆ ಹಾಕುವ ಸಿಳ್ಳು ಅಸಭ್ಯವೆಂಬುದು ಸತ್ಯವೇ. ಆದರೆ ಅದು ಹುಡುಗರ ಬಾಯಲ್ಲಿ ಸಭ್ಯವಾಗುವುದೆಂದು ಯಾರೂ ಹೇಳಲಾರರು. ದೋಷವು ಉದ್ದೇಶದಲ್ಲಿದೆಯೇ ಹೊರತು ಉಸಿರಿನಲ್ಲಿ ಇಲ್ಲ.

ಎರಡನೆಯ ಆಕ್ಷೇಪಣೆಯು ಹಿರಿಯರದಲ್ಲ, ನಿಮ್ಮದೇ. ಎರಡು ದಿವಸ ಊದಿ ಬರಿಯ ಗಾಳಿಯ ಶಬ್ದವನ್ನೇ ಕೇಳಿದವಳು ಮೂರನೆಯ ದಿವಸ, “ನನ್ನ ಕೈ ಚಿಕ್ಕದು, ನನಗೆ ಬಾರದು, ಇದು ಅಣ್ಣತಮ್ಮಂದಿರಿಗೇ ಸರಿ” ಎಂದು ಬಿಟ್ಟುಬಿಡುವಳು. ಮೊದಲನೆಯ ಆಕ್ಷೇಪಣೆಗಿಂತ ಇದೇ ಹೆಚ್ಚು ಕೆಡುಕಿನದು. ಏಕೆಂದರೆ ಹೊರಗಿನವರ ನಿಷೇಧವನ್ನು ನಾವು ಎದುರಿಸಬಹುದು, ನಮ್ಮ ಕೈಗಳೇ ಅಯೋಗ್ಯವೆಂದು ನಾವೇ ತೀರ್ಪು ಕೊಟ್ಟುಕೊಂಡರೆ ಎದುರಿಸುವವರು ಯಾರು? ಆ ತೀರ್ಪು ಸುಳ್ಳೆಂದು ಭೌತಶಾಸ್ತ್ರವು ಸ್ಪಷ್ಟವಾಗಿ ತೋರಿಸುವುದು. ಅದನ್ನು ಮುಂದೆ ನೋಡುವೆವು.

ಈ ಸಿಳ್ಳಿನ ಅತ್ಯಂತ ಪ್ರಸಿದ್ಧವಾದ ವರ್ಣನೆಯು ಇಂಗ್ಲಿಷ್ ಕಾವ್ಯದಲ್ಲಿದೆ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಬೆಟ್ಟಗಳ ನಡುವೆ ವಿಂಡರ್‌ಮಿಯರ್ ಎಂಬ ಸರೋವರವುಂಟು. ಅದು ಸುಮಾರು ೧೭ ಕಿಲೋಮೀಟರ್ ಉದ್ದವಾಗಿ, ಆ ದೇಶದ ನೈಸರ್ಗಿಕ ಸರೋವರಗಳಲ್ಲೆಲ್ಲಾ ದೊಡ್ಡದಾಗಿದೆ. ಕವಿ ವಿಲಿಯಂ ವರ್ಡ್ಸ್‌ವರ್ತನು ಅದಕ್ಕೆ ಸಮೀಪದ ಹಾಕ್ಸ್‌ಹೆಡ್ ಎಂಬ ಊರಿನ ಶಾಲೆಯಲ್ಲಿ ಓದಿದವನು. ಅವನು ೧೭೯೮ರ ಚಳಿಗಾಲದಲ್ಲಿ ಜರ್ಮನಿಯ ಗೊಸ್ಲಾರ್ ಎಂಬ ಊರಲ್ಲಿದ್ದಾಗ ಆ ಸರೋವರದ ತೀರದ ಒಬ್ಬ ಬಾಲಕನನ್ನು ಕುರಿತು ಕೆಲವು ಸಾಲುಗಳನ್ನು ಬರೆದನು. ಅವು ೧೮೦೦ರಲ್ಲಿ ಅಚ್ಚಾದುವು. ಸಂಜೆಯ ವೇಳೆ ಬಾಲಕನು ಒಬ್ಬನೇ ನಿಂತು, ಬೆರಳುಗಳನ್ನು ಒಂದರೊಳಗೊಂದು ಹೆಣೆದು, ಕೈಗಳನ್ನು ಬಾಯಿಗೆ ಹಿಡಿದು ಗೂಬೆಗಳಂತೆ ಕೂಗುವನು. ನೀರಿನಾಚೆಯ ಗೂಬೆಗಳು ಉತ್ತರ ಕೊಡುವುವು. ಆ ಕೂಗುಗಳೂ ಪ್ರತಿಧ್ವನಿಗಳೂ ಕಲೆತು ಕಣಿವೆಯೆಲ್ಲ ತುಂಬುವುದು. ಕೆಲವು ವೇಳೆ ಗೂಬೆಗಳು ಸುಮ್ಮನಿರುವುವು. ಆಗ ಉತ್ತರಕ್ಕಾಗಿ ಕಿವಿಗೊಟ್ಟು ನಿಂತ ಬಾಲಕನಿಗೆ ದೂರದ ಬೆಟ್ಟದ ತೊರೆಗಳ ಶಬ್ದವು ಇದ್ದಕ್ಕಿದ್ದಂತೆ ಕೇಳಿಸಿ ಅವನ ಹೃದಯದೊಳಗೆ ಇಳಿಯುವುದು. ಕವಿಯು ಮುಂದೆ ತಿದ್ದಿದ ಪಾಠದ ಪ್ರಕಾರ ಆ ಬಾಲಕನು ೧೨ ವರ್ಷ ತುಂಬುವ ಮೊದಲೇ ತೀರಿಕೊಂಡನು. ಮೊದಲಿನ ಹಸ್ತಪ್ರತಿಯಲ್ಲಿ ಕವಿಯು ಕೆಲವು ಕಡೆ “ಅವನು” ಎಂಬುದಕ್ಕೆ ಬದಲಾಗಿ “ನಾನು” ಎಂದೇ ಬರೆದಿದ್ದನು. ಆದಕಾರಣ ಈ ವಿದ್ಯೆಯು ಕವಿಯ ಸ್ವಂತ ಕೈಗಳಿಗೂ ಗೊತ್ತಿದ್ದಿತೆಂದು ಊಹಿಸಲು ಅವಕಾಶವುಂಟು. ಆ ಸಾಲುಗಳಲ್ಲಿ ಸರೋವರದ ತೀರಕ್ಕೆ ಯಾವ ಬಾಲಕಿಯೂ ಬರುವುದಿಲ್ಲವೆಂಬುದನ್ನು ಮಾತ್ರ ನಾವು ಗುರುತಿಸಿ ಮುಂದೆ ಹೋಗೋಣ.

ಇನ್ನು ಕಾರಣವನ್ನು ವಿಚಾರಿಸುವ. ಬಾಯಿ ಕಿರಿದಾದ ಒಂದು ಸೀಸೆಯ ಕಂಠದ ಮೇಲೆ ಅಡ್ಡವಾಗಿ ಊದಿದರೆ ಅದು ಹೂಂಕರಿಸುವುದನ್ನು ನೀವು ಕೇಳಿದ್ದೀರಿ. ಕೈಬೊಗಸೆಯು ಅಂಥ ಸೀಸೆಯೇ. ಗಾಜಿಗೆ ಬದಲಾಗಿ ಚರ್ಮವಿದೆ, ಕಂಠಕ್ಕೆ ಬದಲಾಗಿ ಹೆಬ್ಬೆರಳುಗಳ ಸಂದಿಯಿದೆ. ಹೀಗೆ ಒಂದು ಕಿರುಬಾಯಿಯುಳ್ಳ ಟೊಳ್ಳುಗಳ ನಾದವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವನು ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ (೧೮೨೧–೧೮೯೪). ಅವನು ಮೊದಲು ವೈದ್ಯನಾಗಿದ್ದು ತರುವಾಯ ಭೌತಶಾಸ್ತ್ರಜ್ಞನಾದವನು. ಗಾಜಿನಿಂದಲೂ ಹಿತ್ತಾಳೆಯಿಂದಲೂ ಮಾಡಿದ ಟೊಳ್ಳು ಗುಂಡುಗಳನ್ನು ಕಿವಿಗೆ ಹಿಡಿದು, ಒಂದು ನಾದದೊಳಗೆ ಅಡಗಿರುವ ಬೇರೆಬೇರೆ ಸ್ವರಗಳನ್ನು ಒಂದೊಂದಾಗಿ ಆರಿಸಿ ಕೇಳುತ್ತಿದ್ದನು. ಅವನ ವಿಚಾರಗಳು ೧೮೬೩ರಲ್ಲಿ ಗ್ರಂಥರೂಪವಾಗಿ ಹೊರಟುವು. ಇಂಥ ಟೊಳ್ಳುಗಳಿಗೆ ಇಂದಿಗೂ ಅವನ ಹೆಸರೇ ಇದೆ.

ಟೊಳ್ಳಿನೊಳಗೆ ನಡೆಯುವುದೇನು? ಸಂದಿಯಲ್ಲಿರುವ ಸ್ವಲ್ಪ ಗಾಳಿಯನ್ನು ಒಂದು ಸಣ್ಣ ಬಿರಡೆಯೆಂದು ಭಾವಿಸಿರಿ. ಅದನ್ನು ಒಳಕ್ಕೆ ತಳ್ಳಿದರೆ ಬೊಗಸೆಯೊಳಗಿನ ಗಾಳಿಯು ಒತ್ತಲ್ಪಟ್ಟು ಸುರುಳಿತಂತಿಯಂತೆ ಅದನ್ನು ಹೊರಕ್ಕೆ ನೂಕುವುದು. ಹೊರಕ್ಕೆ ಬಂದ ಬಿರಡೆಯು ವೇಗದಿಂದ ತನ್ನ ಸ್ಥಾನವನ್ನು ಮೀರಿ ಹೋಗುವುದು. ಆಗ ಒಳಗೆ ಗಾಳಿಯು ತೆಳುವಾಗಿ, ಅದು ಪುನಃ ಒಳಕ್ಕೆ ಸೆಳೆಯಲ್ಪಡುವುದು. ಈ ಹೋಗುಬರುವಿಕೆಯು ಉಯ್ಯಾಲೆಯಂತೆಯೇ ಇದೆ. ಉಯ್ಯಾಲೆಯನ್ನು ಯಾರೂ ತೂಗದಿದ್ದರೆ ನಿಂತುಹೋಗುವುದಷ್ಟೆ? ನಿಮ್ಮ ತುಟಿಗಳಿಂದ ಬರುವ ಉಸಿರಿನ ತೆಳು ಧಾರೆಯು ಸಂದಿಯ ಕೆಳಗಿನ ಅಂಚಿಗೆ ತಾಗಿ, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಹೊಯ್ದಾಡುತ್ತಾ, ಸರಿಯಾದ ಕ್ಷಣದಲ್ಲಿ ಆ ಉಯ್ಯಾಲೆಯನ್ನು ತೂಗುತ್ತಾ ಇರುತ್ತದೆ. ಜೋರಾಗಿ ತಳ್ಳುವವಳಿಗಿಂತ ಹದವರಿತು ತಳ್ಳುವವಳು ಉಯ್ಯಾಲೆಯನ್ನು ಮೇಲೆ ಕಳುಹಿಸುವಂತೆ, ಇಲ್ಲಿಯೂ ಬಲಕ್ಕಿಂತ ಹದವೇ ದೊಡ್ಡದು.

ಲೆಕ್ಕವನ್ನು ಇಷ್ಟಪಡುವವರಿಗಾಗಿ ಒಂದು ಉದಾಹರಣೆ ಕೊಡುವೆವು. ಬೊಗಸೆಯ ಟೊಳ್ಳು ೬೦ ಘನ ಸೆಂಟಿಮೀಟರ್, ಸಂದಿಯ ತೆರೆದ ಭಾಗವು ಒಂದು ಚದರ ಸೆಂಟಿಮೀಟರಿಗೆ ತುಸು ಕಡಮೆ, ಅದರ ಆಳವು ಸುಮಾರು ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಹೆಲ್ಮ್‌ಹೋಲ್ಟ್ಸನ ಸೂತ್ರದ ಪ್ರಕಾರ ಸೆಕೆಂಡಿಗೆ ೬೦೦ಕ್ಕಿಂತ ಸ್ವಲ್ಪ ಹೆಚ್ಚು ಕಂಪನಗಳು ಬರುವುವು. ಈ ಸೂತ್ರದಲ್ಲಿ ನಮಗೆ ಬೇಕಾದ ಮಾತೊಂದಿದೆ. ಸಂದಿಯು ಹಾಗೆಯೇ ಇರಲು, ಟೊಳ್ಳು ಕಾಲುಭಾಗಕ್ಕೆ ಇಳಿದರೆ ನಾದವು ಒಂದು ಸ್ಥಾಯಿಯಷ್ಟು ಮೇಲೇರುವುದು. ಅರ್ಧಕ್ಕೆ ಇಳಿದರೆ ಷಡ್ಜದಿಂದ ಪ್ರತಿಮಧ್ಯಮದವರೆಗೆ ಏರುವುದು. ಅಂದರೆ ಅಣ್ಣನ ಬೊಗಸೆಯ ಅರ್ಧದಷ್ಟೇ ನಿಮ್ಮ ಬೊಗಸೆಯಾಗಿದ್ದರೂ ನಿಮ್ಮ ಸಿಳ್ಳು ಅವನದಕ್ಕಿಂತ ಅಷ್ಟು ಎತ್ತರದ ಶ್ರುತಿಯಲ್ಲಿ ನುಡಿಯುವುದೇ ಹೊರತು ನುಡಿಯದೆ ಇರುವುದಿಲ್ಲ. ಕೈಯ ಗಾತ್ರವು ಶ್ರುತಿಯನ್ನು ನಿಶ್ಚಯಿಸುವುದು, ಯೋಗ್ಯತೆಯನ್ನಲ್ಲ. ಸೀಸೆಗೆ ನೀರು ತುಂಬುತ್ತಾ ಬಂದ ಹಾಗೆಲ್ಲಾ ಊದಿದ ನಾದವು ಏರುತ್ತಾ ಬರುವುದನ್ನು ನೋಡಿದರೆ ಇದು ಪ್ರತ್ಯಕ್ಷವಾಗುವುದು. (ಅದೇ ಸೀಸೆಯನ್ನು ಚಮಚೆಯಿಂದ ತಟ್ಟಿ ನೋಡಿರಿ, ಆಗ ನೀರು ಹೆಚ್ಚಿದಂತೆ ನಾದವು ಇಳಿಯುವುದು. ಊದಿದಾಗ ನುಡಿಯುವುದು ಗಾಳಿ, ತಟ್ಟಿದಾಗ ನುಡಿಯುವುದು ಗಾಜು.)

ಈಗ ಅಭ್ಯಾಸಕ್ಕೆ ಬರುವ. ಹೆಬ್ಬೆರಳುಗಳು ತುಟಿಗೆ ತಾಗತಕ್ಕವಾದ್ದರಿಂದ ಕೈಗಳನ್ನು ಮೊದಲು ತೊಳೆದುಕೊಳ್ಳಿರಿ. ತೊಳೆದ ಮೇಲೆ ತೀರ ಒಣಗುವಂತೆ ಒರಸಬೇಡಿರಿ. ತುಸು ತೇವವುಳ್ಳ ಚರ್ಮವು ಚೆನ್ನಾಗಿ ಅಂಟಿಕೊಂಡು ಗಾಳಿಯನ್ನು ತಡೆಯುವುದು. ಎಡ ಅಂಗೈಯನ್ನು ಬಲಕ್ಕೆ ತಿರುಗಿಸಿ, ಬೆರಳುಗಳು ಆಕಾಶವನ್ನು ನೋಡುವಂತೆ ಎದೆಯ ಮುಂದೆ ಹಿಡಿಯಿರಿ. ಬಲ ಅಂಗೈಯನ್ನು ಎಡಕ್ಕೆ ತಿರುಗಿಸಿ, ಬೆರಳುಗಳು ಎದುರಿನ ಗೋಡೆಯನ್ನು ನೋಡುವಂತೆ ಮಾಡಿ, ಚಪ್ಪಾಳೆ ತಟ್ಟುವ ರೀತಿಯಲ್ಲಿ ಅದರ ಮೇಲೆ ಅಡ್ಡಲಾಗಿ ಇಡಿರಿ. ಬಲಗೈಯ ಬೆರಳುಗಳು ಎಡಗೈಯ ಕಿರುಬೆರಳಿನ ಅಂಚನ್ನು ಸುತ್ತಿ ಅದರ ಹಿಂಭಾಗವನ್ನು ಹಿಡಿಯಲಿ. ಎಡಗೈಯ ಬೆರಳುಗಳು ಬಲಗೈಯ ತೋರುಬೆರಳಿನ ಮೇಲೆ ಬಾಗಿ ಆ ಕೈಯ ಹಿಂಭಾಗದ ಮೇಲೆ ಒರಗಲಿ. ಅಂಗೈಗಳ ಬುಡಗಳು ಬಿಗಿಯಾಗಿ ಕೂಡಿರಬೇಕು; ನಡುವೆ ಮಾತ್ರ ಒಂದು ನಿಂಬೆಯ ಹಣ್ಣನ್ನು ಬಚ್ಚಿಟ್ಟಷ್ಟು ಟೊಳ್ಳಿರಬೇಕು. ಕೆಲವರು ಅಂಗೈಗಳನ್ನು ಚಪ್ಪಟೆಯಾಗಿ ಒತ್ತಿಬಿಡುವರು. ಟೊಳ್ಳಿಲ್ಲದ ಕೈಗಳಲ್ಲಿ ನಾದಕ್ಕೆ ಮನೆಯೇ ಇಲ್ಲ.

ಈಗ ಎರಡು ಹೆಬ್ಬೆರಳುಗಳೂ ನಿಮ್ಮ ಮುಖದ ಕಡೆಗೆ ಅಕ್ಕಪಕ್ಕದಲ್ಲಿ ನಿಂತಿರುವುವು. ಅವುಗಳನ್ನು ಗೆಣ್ಣಿನಲ್ಲಿ ಸ್ವಲ್ಪ ಬಗ್ಗಿಸಿರಿ. ಗೆಣ್ಣುಗಳು ಒಂದಕ್ಕೊಂದು ತಾಗಿರಲಿ. ಅವುಗಳ ಕೆಳಗೆ ಬೇವಿನ ಎಲೆಯ ಆಕಾರದ ಕಿರಿದಾದ ಸಂದಿಯೊಂದು ಉಳಿಯಬೇಕು. ಇದೇ ವಾದ್ಯದ ಬಾಯಿ. ಇದರ ಹೊರತು ಬೇರಾವ ತೂತೂ ಎಲ್ಲಿಯೂ ಇರಕೂಡದು.

ತುಟಿಗಳನ್ನು ಇಡುವ ಸ್ಥಾನದಲ್ಲಿಯೇ ಹತ್ತರಲ್ಲಿ ಒಂಬತ್ತು ಪಾಲು ಕಷ್ಟವಿದೆ. ಮೇಲ್ದುಟಿಯು ಗೆಣ್ಣುಗಳ ಮೇಲೆ, ಉಗುರುಗಳ ಕಡೆಗೆ ಇರಲಿ. ಕೆಳದುಟಿಯು ಸಂದಿಯ ಮೇಲಿನ ಅರ್ಧವನ್ನು ಮಾತ್ರ ಮುಚ್ಚಲಿ. ಕೆಳಗಿನ ಅರ್ಧವು ತೆರೆದೇ ಇರಬೇಕು, ಏಕೆಂದರೆ ಉಸಿರಿನ ಧಾರೆಯು ಅಲ್ಲಿಯೇ ಹೊಯ್ದಾಡತಕ್ಕದ್ದು. ಸಂದಿಯನ್ನು ಪೂರ್ತಿಯಾಗಿ ಬಾಯಿಯಿಂದ ಮುಚ್ಚಿದವಳಿಗೆ ಕೆನ್ನೆಗಳು ಉಬ್ಬುವುವೇ ಹೊರತು ಶಬ್ದವು ಬಾರದು. ಇನ್ನು “ಹೂ” ಎನ್ನುವ ಹಾಗೆ ತುಟಿಗಳನ್ನಿಟ್ಟು, ಕಂಠದ ಧ್ವನಿಯನ್ನು ಸೇರಿಸದೆ, ಸ್ವಲ್ಪ ಕೆಳಮುಖವಾಗಿ ಸಂದಿಯೊಳಕ್ಕೆ ಊದಿರಿ. ಒಲೆಯ ಮುಂದೆ ಊದುಗೊಳವೆ ಹಿಡಿದವರ ಬಲವು ಬೇಡ. ಬಿಸಿಹಾಲನ್ನು ಆರಿಸುವವರ ಉಸಿರು ಸಾಕು.

ಮೊದಲ ದಿವಸಗಳಲ್ಲಿ ಬರಿಯ ಗಾಳಿಯ ಸುಯ್ಯೆಂಬ ಶಬ್ದವೇ ಬರಬಹುದು. ಇಲ್ಲಿ ಅನೇಕರು ಮಾಡುವ ತಪ್ಪೇನೆಂದರೆ, ಎಲ್ಲವನ್ನೂ ಒಂದೇ ಸಾರಿ ಬದಲಾಯಿಸುವುದು. ಕೈಯನ್ನು ಬೇರೆ ರೀತಿಯಲ್ಲಿ ಹಿಡಿದು, ತುಟಿಯನ್ನು ಸರಿಸಿ, ಇನ್ನೂ ಜೋರಾಗಿ ಊದುವರು. ಆಗ ದೋಷವು ಯಾವುದರಲ್ಲಿದ್ದಿತೆಂದು ತಿಳಿಯುವ ಬಗೆಯೇ ಇಲ್ಲ. ಪ್ರಯೋಗಶಾಲೆಯಲ್ಲಿ ಹೇಗೋ ಹಾಗೆ, ಒಂದನ್ನು ಬದಲಿಸುವಾಗ ಉಳಿದವನ್ನು ಇದ್ದ ಹಾಗೆಯೇ ಇಡತಕ್ಕದ್ದು. ಮೊದಲು ಸೋರಿಕೆಯನ್ನು ಪರೀಕ್ಷಿಸಿರಿ. ಬಾವಿಯ ಬಳಿಯಲ್ಲಿ ಬೊಗಸೆಯೊಡ್ಡಿ ನೀರು ಕುಡಿದವರಿಗೆ ಬೆರಳುಸಂದಿಗಳ ಕಳ್ಳತನವು ತಿಳಿದೇ ಇದೆ. ನೀರು ಸೋರುವ ಕಡೆ ಗಾಳಿಯು ಇನ್ನೂ ಸುಲಭವಾಗಿ ಸೋರುವುದು. ಗೆಳತಿಯೊಬ್ಬಳು ಹತ್ತಿಯ ಸಣ್ಣ ಎಳೆಯೊಂದನ್ನು ನಿಮ್ಮ ಕೈಗಳ ಸುತ್ತಲೂ ಹಿಡಿದು ನೋಡಲಿ. ನೀವು ಸಂದಿಗೆ ಬಾಯಿಟ್ಟು ಊದುವಾಗ ಅಂಗೈಯ ಬುಡದಲ್ಲಿಯೋ ಕಿರುಬೆರಳಿನ ಬಳಿಯಲ್ಲಿಯೋ ಎಳೆಯು ಅಲುಗಿದರೆ ಕಳ್ಳನು ಸಿಕ್ಕಿದಂತೆಯೇ. ಸೋರಿಕೆಯು ನಿಂತ ಮೇಲೆಯೂ ನಾದವು ಬಾರದಿದ್ದರೆ, ಕೈಗಳನ್ನು ಅಲುಗಿಸದೆ ತುಟಿಗಳನ್ನು ಕೂದಲೆಳೆಯಷ್ಟು ಮೇಲಕ್ಕೂ ಕೆಳಕ್ಕೂ ಸರಿಸುತ್ತಾ ಊದಿರಿ. ಎಲ್ಲಿಯೋ ಒಂದು ಕಡೆ ಗಾಳಿಯ ಶಬ್ದದೊಳಗೆ ಮಂದವಾದ ಒಂದು ಗುಂಯ್‌ಗುಟ್ಟುವಿಕೆಯು ಕೇಳಿಸುವುದು. ಅಲ್ಲಿ ನಿಲ್ಲಿರಿ. ಆ ಸ್ಥಾನವನ್ನು ತುಟಿಗಳೇ ನೆನಪಿಡುವ ತನಕ ಅಲ್ಲಿಯೇ ಅಭ್ಯಾಸ ಮಾಡಿರಿ.

ಒಂದು ಎಚ್ಚರಿಕೆ. ಬಹಳ ಹೊತ್ತು ಎಡೆಬಿಡದೆ ಊದಿದರೆ ರಕ್ತದಲ್ಲಿರಬೇಕಾದ ಇಂಗಾಲಾಮ್ಲ ವಾಯುವು ಕಡಮೆಯಾಗಿ ತಲೆ ತಿರುಗುವುದು. ಐದು ನಿಮಿಷ ಊದಿ, ಕುಳಿತು, ಸಹಜವಾಗಿ ಉಸಿರಾಡಿಕೊಂಡು ಪುನಃ ತೊಡಗಿರಿ. ಒಂದೇ ದಿವಸ ಒಂದು ತಾಸು ಹೆಣಗುವುದಕ್ಕಿಂತ ದಿನಕ್ಕೆ ಹತ್ತು ನಿಮಿಷದಂತೆ ಆರು ದಿವಸ ಮಾಡುವುದು ಮೇಲು. ಮಲಗುವ ಕೋಣೆಯಲ್ಲಿ ರಾತ್ರಿ ಹೊತ್ತು ಅಭ್ಯಾಸ ಬೇಡವೆಂಬುದನ್ನು ವಿದ್ಯಾರ್ಥಿನಿಲಯದಲ್ಲಿರುವವರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವೆಂದು ನಂಬುವೆವು.

ನಾದವು ಸ್ಥಿರವಾದ ಮೇಲೆ ಅದನ್ನು ಏರಿಸಿ ಇಳಿಸುವುದು ಕಷ್ಟವಲ್ಲ. ಅಂಗೈಗಳನ್ನು ಒತ್ತಿ ಟೊಳ್ಳನ್ನು ಕಿರಿದು ಮಾಡಿದರೆ ಶ್ರುತಿಯು ಏರುವುದು, ಸಡಿಲಿಸಿದರೆ ಇಳಿಯುವುದು. ಒರಗಿದ ಬೆರಳುಗಳಲ್ಲಿ ಒಂದನ್ನು ಮೆಲ್ಲಗೆ ಎತ್ತಿ ಹೊಸದೊಂದು ತೂತನ್ನು ತೆರೆದರೂ ಶ್ರುತಿಯು ಏರುವುದು. ಬೆರಳನ್ನು ಬೇಗಬೇಗನೆ ಎತ್ತಿ ಇಟ್ಟರೆ ನಾದವು ನಡುಗುವುದು. ಮುಂಚೆ ಸೋರಿಕೆಯೆಂದು ಓಡಿಸಿದ ತೂತೇ ಈಗ ನಮ್ಮ ಅಪ್ಪಣೆಯಂತೆ ತೆರೆದು ಸ್ವರವಾಗುವುದು. ಇಟಲಿಯ ಬೊಲೋನ್ಯಾ ನಗರಕ್ಕೆ ಸಮೀಪದ ಬುದ್ರಿಯೊ ಎಂಬ ಊರಿನಲ್ಲಿ ಜುಸೆಪ್ಪೆ ದೊನಾತಿ ಎಂಬ ತರುಣನು ೧೮೫೩ರಲ್ಲಿ ಜೇಡಿಮಣ್ಣಿನಿಂದ ರೂಪಿಸಿದ ಒಕರೀನಾ ಎಂಬ ವಾದ್ಯವು ಇದೇ ತತ್ವದಿಂದ ನುಡಿಯುತ್ತದೆ. ಆ ಹೆಸರಿಗೆ ಪುಟ್ಟ ಹೆಬ್ಬಾತು ಎಂದರ್ಥ. ಕೊಳಲಿನಲ್ಲಿ ತೂತು ಯಾವ ಸ್ಥಳದಲ್ಲಿದೆಯೆಂಬುದು ಮುಖ್ಯ. ಒಕರೀನಾದಲ್ಲಿಯೂ ಬೊಗಸೆಯಲ್ಲಿಯೂ ಒಟ್ಟಿಗೆ ಎಷ್ಟು ಅಗಲ ತೆರೆದಿದೆಯೆಂಬುದೇ ಮುಖ್ಯ. ಆದಕಾರಣ ಯಾವ ಬೆರಳನ್ನು ಎತ್ತಬೇಕೆಂದು ಚಿಂತಿಸದೆ, ನಿಮಗೆ ಸುಲಭವಾದುದನ್ನು ಎತ್ತಿರಿ. ವಿಂಡರ್‌ಮಿಯರಿನ ಬಾಲಕನಂತೆ ಬೆರಳುಗಳನ್ನು ಹೆಣೆದು ಹಿಡಿಯುವ ಕ್ರಮವು ಬೇರೊಂದು. ಅದರಲ್ಲಿಯೂ ಹೆಬ್ಬೆರಳು ಮತ್ತು ತುಟಿಗಳ ಸ್ಥಾನವು ಇದೇ. ಹೆಣೆದ ಬೆರಳುಗಳ ನಡುವೆ ಸೋರಿಕೆಗೆ ಹೆಚ್ಚು ಎಡೆಯಿರುವುದರಿಂದ ಅದನ್ನು ಎರಡನೆಯದಾಗಿ ಕಲಿಯುವುದು ಒಳ್ಳೇದು.

ಉಪಯೋಗವೇನೆಂದು ಕೇಳುವವರಿಗೆ ಬೆಟ್ಟ ಹತ್ತುವವರ ಒಂದು ಸಂಕೇತವನ್ನು ತಿಳಿಸುವೆವು. ಆಪತ್ತಿನಲ್ಲಿ ಸಿಕ್ಕಿದವರು ಒಂದು ನಿಮಿಷಕ್ಕೆ ೬ ಸಾರಿ ಶಬ್ದ ಮಾಡಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಹಾಗೆಯೇ ಮಾಡುವರು. ಕೇಳಿದವರು ನಿಮಿಷಕ್ಕೆ ೩ ಸಾರಿ ಉತ್ತರ ಕೊಡುವರು. ಲೋಹದ ಸೀಟಿಯಿದ್ದರೆ ಅದೇ ಉತ್ತಮ. ಇಲ್ಲದ ಪಕ್ಷದಲ್ಲಿ, ಕೂಗಿ ಕೂಗಿ ಗಂಟಲು ಕಟ್ಟಿಹೋದವಳಿಗೂ ಉಸಿರು ಉಳಿದಿರುವುದು; ಸಿಳ್ಳಿಗೆ ಉಸಿರೇ ಸಾಕಲ್ಲವೆ? ಮಂಜು ಕವಿದ ಮಲೆನಾಡಿನ ದಾರಿಯಲ್ಲಿ ಹಿಂದುಳಿದವಳು ತನ್ನ ಸಂಗಡಿಗರಿಗೆ ತಾನಿರುವ ದಿಕ್ಕನ್ನು ತಿಳಿಸಲು ಇದು ಒದಗುವುದು. ಹೆಣ್ಣುಮಕ್ಕಳ ಶಬ್ದವು ಅಂಗಳವನ್ನು ದಾಟಬಾರದೆನ್ನುವವರು ಇಂಥ ಸಮಯವನ್ನು ಕುರಿತು ಆಲೋಚಿಸಿದವರಲ್ಲ.

ಕಡೆಯದಾಗಿ ಹಕ್ಕಿಗಳ ವಿಷಯ. ಇಂಗ್ಲೆಂಡಿನ ಆ ಸರೋವರದ ಗೂಬೆಗಳು ಉತ್ತರ ಕೊಟ್ಟದ್ದು ಸ್ನೇಹದಿಂದಲ್ಲ. ತನ್ನ ಎಲ್ಲೆಯೊಳಗೆ ಪರಕೀಯ ಗೂಬೆಯೊಂದು ಬಂದಿದೆಯೆಂದು ಎಣಿಸಿದ ಗೂಬೆಯು ಕೂಗಿ ತನ್ನ ಹಕ್ಕನ್ನು ಸ್ಥಾಪಿಸಿಕೊಳ್ಳುವುದು. ನಮ್ಮ ಕನ್ನಡನಾಡಿನಲ್ಲಿ ಈ ಸಿಳ್ಳಿಗೆ ಬಹು ಹತ್ತಿರವಾದ ಧ್ವನಿಯು ಕೆಂಬೂತದ್ದು. ಕರಿಯ ಮೈಯೂ ಇಟ್ಟಿಗೆಬಣ್ಣದ ರೆಕ್ಕೆಯೂ ಉಳ್ಳ ಆ ಹಕ್ಕಿಯು ಬೇಲಿಯ ಪೊದೆಗಳಲ್ಲಿ ನಡೆದಾಡುತ್ತಾ, “ಊಪ್, ಊಪ್, ಊಪ್” ಎಂದು ಒಂದೇ ಸಮನೆ ಕೂಗುವುದನ್ನು ನೀವೆಲ್ಲರೂ ಕೇಳಿದ್ದೀರಿ. ಟೊಳ್ಳನ್ನು ಆದಷ್ಟು ದೊಡ್ಡದಾಗಿಟ್ಟು, ಒಂದೊಂದು ಉಸಿರನ್ನೂ ಗಿಡ್ಡವಾಗಿ ಕತ್ತರಿಸಿ, ಸಮವಾದ ಕಾಲದಲ್ಲಿ ಊದಿದರೆ ಅದನ್ನು ಅನುಕರಿಸಬಹುದು. ಐದಾರು ಸಾರಿ ಊದಿ ನಿಲ್ಲಿಸಿ, ಉತ್ತರ ಬರುವುದೋ ಎಂದು ಎರಡು ನಿಮಿಷ ಕಾದಿರಿ. ಗೂಡುಕಟ್ಟುವ ಕಾಲದಲ್ಲಿ ಮಾತ್ರ ಹಕ್ಕಿಗಳನ್ನು ಹೀಗೆ ಕರೆಯಕೂಡದು; ಇಲ್ಲದ ಶತ್ರುವನ್ನು ಹುಡುಕುತ್ತಾ ಅವು ಮೊಟ್ಟೆಮರಿಗಳನ್ನು ಬಿಟ್ಟುಬರುವ ಭಯವುಂಟು. ಉತ್ತರ ಬಾರದೆ ಹೋದರೆ ಪುನಃ ಊದಲು ಅವಸರಪಡದೆ, ಆ ಎರಡು ನಿಮಿಷಗಳಲ್ಲಿ ಕಿವಿಗೆ ಬಿದ್ದ ಬೇರೆ ಶಬ್ದಗಳು ಯಾವುವೆಂದು ನಿಮ್ಮ ಪ್ರಕೃತಿಪಾಠದ ಪುಸ್ತಕದಲ್ಲಿ ಬರೆದಿಡಿರಿ.